ನೀಲಾಬಾಯಿ ಇಟ್ಟ ಮಾಠ

ಮುಂಬೈನ ಮುಲುಂಡ್ ಪಶ್ಚಿಮದ ಒಂದು ಹೌಸಿಂಗ್ ಸೊಸೈಟಿಯ ತೋಟದ ದೀಪಗಳು ಇನ್ನೂ ಆರಿಲ್ಲ. ರಾತ್ರಿಯೆಲ್ಲ ಜಡಿದ ಮಳೆ ಈಗಷ್ಟೇ ಹೊಳವಾಗಿದೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನೀಲಾಬಾಯಿ ಹುಲ್ಲುಹಾಸಿನ ಅಂಚಿನಲ್ಲಿ ಕುಕ್ಕರುಗಾಲಿನಲ್ಲೇ ಮುಂದೆ ಮುಂದೆ ಸರಿಯುತ್ತಿದ್ದಾರೆ. ಕುರ್ಪಿ ಮಣ್ಣಿಗೆ ಇಳಿದು ಮೇಲೆದ್ದಾಗಲೆಲ್ಲ ಒಂದು ಕಳೆ ಬುಡಸಮೇತ ಬರುತ್ತದೆ. ಬಂದದ್ದೆಲ್ಲ ಬಲಗಡೆಯ ಗೋಣಿಚೀಲಕ್ಕೆ. ಆದರೆ ಆಗಾಗ ಕೈ ಒಂದು ಗಳಿಗೆ ತಡೆಯುತ್ತದೆ, ಕಿತ್ತದ್ದನ್ನು ಕಣ್ಣ ಹತ್ತಿರ ತರುತ್ತದೆ, ಆಮೇಲೆ ಎಡಕ್ಕೆ ಹೊರಳುತ್ತದೆ. ಎಡಗಡೆ ಇರುವುದು ಒಂದು ಹಳೆಯ ಬಟ್ಟೆ ಚೀಲ.

"ಬಲಕ್ಕಿದ್ದದ್ದು ಸೊಸೈಟಿ ಕಸ ರಿ. ಎಡಕ್ಕಿದ್ದದ್ದು ನನ್ನ ಪಲ್ಲೆ," ಎನ್ನುತ್ತಾರೆ ಅವರು, ತಲೆ ಎತ್ತದೆ.

ಕಸ ಮತ್ತು ಪಲ್ಲೆ ಎರಡೂ ಒಂದೇ ಮಣ್ಣಿನಿಂದ, ಒಂದೇ ಕೈಯಿಂದ ಬಂದವು. ನಡುವೆ ಇರುವುದು ನೀಲಾಬಾಯಿಯ ಕಣ್ಣು. ನೆಲಕ್ಕೆ ಅಂಟಿಕೊಂಡು ಹರಡಿದ, ದಪ್ಪ ಎಲೆಯ ಒಂದು ಗಿಡವನ್ನು ಎತ್ತಿ ಅವರು ದೇಟನ್ನು ಪಟ್ಟೆಂದು ಮುರಿಯುತ್ತಾರೆ. "ಇದು ಗೋಳಿ. ಇದರಂಗೇ ಇನ್ನೊಂದು ನೆಲಕ್ಕ ಹಬ್ಬತದ, ನೋಡಾಕ ಅಕ್ಕ ತಂಗಿ ಇದ್ದಂಗ. ಮುರುದು ನೋಡಬೇಕು. ನೀರು ಬಂದ್ರ ಗೋಳಿ, ಹಾಲು ಬಂದ್ರ ಮುಟ್ಟಬ್ಯಾಡ." ಮುರಿದ ಜಾಗದಲ್ಲಿ ನೀರು ಜಿನುಗುತ್ತದೆ. ಗಿಡ ಎಡಕ್ಕೆ ಹೋಗುತ್ತದೆ. ಪಾರ್ಕಿಂಗಿನ ಪಕ್ಕದ ಮೋರಿಯ ದಂಡೆಯಲ್ಲಿ ಅದೇ ಗೋಳಿ ಇನ್ನೂ ಸೊಂಪಾಗಿ ಬೆಳೆದಿದ್ದರೂ ನೀಲಾಬಾಯಿ ಅತ್ತ ತಿರುಗಿಯೂ ನೋಡುವುದಿಲ್ಲ. ನಾಯಿ ಅಡ್ಡಾಡುವ ಕಡೆ ಬೇಡ, ಗಟಾರದ ನೀರು ತಾಕುವ ಕಡೆ ಬೇಡ, ಔಷಧ ಹೊಡೆದ ಕಡೆಯಂತೂ ಬೇಡವೇ ಬೇಡ. ಊಟದ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು.

ಮೊದಲ ಮಹಡಿಯ ಬಾಲ್ಕನಿಯಿಂದ ಯಾರೋ "ನೀಲಾಬಾಯಿ, ಚಹಾ ಆಗಿದೆ" ಎಂದು ಕೂಗುತ್ತಾರೆ. "ಬಂದ್ನಿರಿ ಅಕ್ಕಾರ" ಎಂದು ಇವರು ಕೂಗುತ್ತಾರೆ. ಈಗ ಎಷ್ಟು ಸಲೀಸಾದ ಮಾತು! ಒಂದು ತಿಂಗಳ ಹಿಂದೆ ಇದೇ ಬಾಲ್ಕನಿಯ ಅಕ್ಕಾರ ದೂರಿನಿಂದಾಗಿ ನೀಲಾಬಾಯಿಯನ್ನು ಇದೇ ಗೇಟಿನಲ್ಲಿ ತಡೆದು ನಿಲ್ಲಿಸಲಾಗಿತ್ತು ಎಂದರೆ ಹೊಸಬರು ನಂಬುವುದಿಲ್ಲ.

ನೀಲಾಬಾಯಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಮದುವೆಯಾದ ಹೊಸತರಲ್ಲಿ ಗಂಡ ಶಾಂತಪ್ಪನ ಹಿಂದೆ ಮುಂಬೈ ರೈಲು ಹತ್ತಿದವರು. ಶಾಂತಪ್ಪ ಗೌಂಡಿ, ನೀಲಾಬಾಯಿ ಅವನ ಕೈಗೆ ಇಟ್ಟಿಗೆ ಕೊಡುವವರು. ಪವಾಯಿಯಲ್ಲಿ ಇಂದು ಗಾಜು ಹೊದ್ದು ನಿಂತ ಎಷ್ಟೋ ಬಿಲ್ಡಿಂಗುಗಳ ಇಟ್ಟಿಗೆ ಅವರ ತಲೆಯ ಮೇಲಿನಿಂದಲೇ ಮೇಲೆ ಹೋದದ್ದು. ಕಟ್ಟಡ ಏಳುವ ತನಕ ಅದರ ಬುಡದಲ್ಲೇ ತಗಡಿನ ಗುಡಿಸಲು, ಎದ್ದ ಮೇಲೆ ಮುಂದಿನ ಬುಡ. ಸಂತೆ ದೂರ, ಕೈಯಲ್ಲಿ ಕಾಸು ಕಮ್ಮಿ. ಮಳೆಗಾಲದಲ್ಲಿ ಮರಳಿನ ಗುಡ್ಡೆಯ ಸುತ್ತ ಹಸಿರು ಎದ್ದಾಗ ಅದನ್ನು ನೋಡಿ ಅವರಿಗೆ ಜೀವ ಬಂದಂತಾಯಿತಂತೆ.

"ಗಿಡದ ಗುರ್ತು ನಮ್ಮವ್ವ ಕಲಿಸಿದ್ದು. ಹೆಸರು ಮುಂಬೈ ಕಲಿಸಿದ್ದು," ಎನ್ನುತ್ತಾರೆ ನೀಲಾಬಾಯಿ. ಜೊತೆಗೆ ಕಲ್ಲು ಮಣ್ಣು ಹೊರುತ್ತಿದ್ದ ಮರಾಠಿ ಹೆಂಗಸರೂ ಅದೇ ಗಿಡಗಳಿಗೆ ಕೈ ಹಾಕುತ್ತಿದ್ದರು. ಅವರ ಬಾಯಲ್ಲಿ ಗೋಳಿ ಘೋಳ ಆಗಿತ್ತು, ತಗಚೆ ಟಾಕಳಾ ಆಗಿತ್ತು, ರಾಜಗಿರಿ ಮಾಠ ಆಗಿತ್ತು. ಎಲೆಯ ಬುಡದಲ್ಲಿ ಜೋಡಿ ಮುಳ್ಳು ಇರುವ ಕಾಡು ರಾಜಗಿರಿ ಕಾಟೇಮಾಠ. ಕಾಟಾ ಎಂದರೆ ಮರಾಠಿಯಲ್ಲಿ ಮುಳ್ಳು. ವರ್ಷಗಳು ಕಳೆದಂತೆ ಹಳ್ಳಿಯ ಹೆಸರು ನಾಲಿಗೆಯಿಂದ ಜಾರಿ, ಮುಂಬೈ ಹೆಸರು ಗಟ್ಟಿಯಾಯಿತು. ಊರಿನ ಹತ್ತರಕಿ ಸೊಪ್ಪು ಮಾತ್ರ ಹತ್ತರಕಿಯಾಗೇ ಉಳಿಯಿತು. ಅದು ಎರೆಮಣ್ಣಿನ ಗಿಡ, ಇಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಿಗದ ಗಿಡಕ್ಕೆ ಹೆಸರು ಯಾರು ಬದಲಿಸುತ್ತಾರೆ?

ಶಾಂತಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಗೌಂಡಿ ಕೆಲಸ ನಿಂತಿತು. ಈಗ ಪವಾಯಿಯಲ್ಲಿ ರಾತ್ರಿಪಾಳಿಯ ವಾಚ್‌ಮನ್. ಭಾಂಡುಪ್ ಗುಡ್ಡದ ಮೇಲಿನ ಚಾಳಿನಲ್ಲಿ ಒಂದು ಖೋಲಿ. ಅವನು ಮನೆಗೆ ಬರುವ ಹೊತ್ತಿಗೆ ಇವರು ಲೋಕಲ್ ಹಿಡಿಯಲು ಹೊರಟಿರುತ್ತಾರೆ. ಸ್ಟೇಶನ್ನಿನ ಸೇತುವೆ ಮೇಲೆ ಎದುರಾದರೆ ಕೀಲಿ ಕೈ ಬದಲಾಗುತ್ತದೆ, ಜೊತೆಗೆ ಎರಡು ಮಾತು. "ರೊಟ್ಟಿ ಮುಚ್ಚಿಟ್ಟೀನಿ." "ಹೂಂ." ಇಷ್ಟೇ ಸಂಸಾರ ಎಂದು ನೀಲಾಬಾಯಿ ನಗುತ್ತಾರೆ. ಗಾರ್ಡನ್ ಗುತ್ತಿಗೆಯವರ ಕಡೆ ಕಳೆ ಕೀಳುವ ಕೆಲಸ ಕೊಡಿಸಿದವನು ಯಲ್ಲಾಲಿಂಗ, ಕಲಬುರಗಿ ಕಡೆಯ ಸೂಪರ್‌ವೈಸರ್. ಮುಲುಂಡಿನ ಹಲವು ಸೊಸೈಟಿಗಳ ತೋಟಗಳು ಈ ಗುತ್ತಿಗೆಯಲ್ಲಿವೆ. ಒಂದು ಗೇಟಿನಲ್ಲಿ ಹೆಸರು ಕೆಟ್ಟರೆ ಎಲ್ಲ ಗೇಟಿನಲ್ಲೂ ಕೆಟ್ಟಂತೆ.

ಮಳೆಗಾಲದಲ್ಲಿ ನೀಲಾಬಾಯಿಯ ಎಡಗಡೆಯ ಚೀಲ ಬೇಗ ತುಂಬುತ್ತದೆ. ತುಂಬಿದ್ದು ಅವರ ಮನೆಗೆ ಮಾತ್ರವಲ್ಲ. ಮನೆಗೆಲಸದ ಸೇವಂತಿಗೆ ಒಂದು ಹಿಡಿ, ಲಿಫ್ಟ್ ಪಕ್ಕ ಕೂರುವ ಮುದುಕನಿಗೆ ಒಂದು ಹಿಡಿ, ಇಸ್ತ್ರಿಯವನ ಹೆಂಡತಿಗೆ ಒಂದು ಹಿಡಿ. ಮಾರಿದ್ದು ಒಂದು ದಿನವೂ ಇಲ್ಲ. "ಅದೇನ್ ನಾ ಬಿತ್ತಿದ್ದೇನ್ರಿ ಮಾರಾಕ?" ಎಂಬುದು ಅವರ ಪ್ರಶ್ನೆ. ಕೊಟ್ಟದ್ದನ್ನು ಮರುದಿನ "ಹೆಂಗಿತ್ತು?" ಎಂದು ಕೇಳಿ, "ಛಲೋ ಇತ್ತು" ಅನ್ನಿಸಿಕೊಳ್ಳುವುದೇ ಅವರ ಸಂಪಾದನೆ. ಆ ಸಂಪಾದನೆಯ ಮೇಲೆ ಅವರಿಗೆ ವಿಪರೀತ ಆಸೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಮೊದಲ ಮಹಡಿಯಲ್ಲಿ ಮೈಸೂರಿನ ಶಾಮಣ್ಣ, ವನಮಾಲಾ ದಂಪತಿ ಇದ್ದಾರೆ. ಶಾಮಣ್ಣನವರು ನಿವೃತ್ತ ಕನ್ನಡ ಮೇಷ್ಟ್ರು. ಮಗಳಿಗೆ ಪವಾಯಿಯಲ್ಲಿ ಕೆಲಸವಾದ ಮೇಲೆ, ಕಳೆದ ವರ್ಷವಷ್ಟೇ ಇಲ್ಲಿಗೆ ಬಂದವರು. ಹಿಂದಿ ಅಷ್ಟಕ್ಕಷ್ಟೇ, ಮರಾಠಿ ಸೊನ್ನೆ. ತೋಟದಲ್ಲಿ ಕನ್ನಡ ಮಾತಾಡುವ ಹೆಂಗಸನ್ನು ಕಂಡು ವನಮಾಲಾ ಅವರಿಗೆ ತವರಿನವರು ಸಿಕ್ಕಷ್ಟು ಖುಷಿಯಾಗಿತ್ತು. ಬಾಲ್ಕನಿಯಿಂದ ಅವರು, ಹುಲ್ಲಿನಿಂದ ಇವರು, ದಿನಾ ಒಂದಷ್ಟು ಮಾತು. ಅವರ ಕನ್ನಡ ಇವರಿಗೆ ಪುಸ್ತಕದಂತೆ, ಇವರ ಕನ್ನಡ ಅವರಿಗೆ ಅರ್ಧಂಬರ್ಧ, ಆದರೂ ನಡೆಯುತ್ತಿತ್ತು.

ಈ ಆಷಾಢದಲ್ಲಿ ಶಾಮಣ್ಣನವರಿಗೆ ಡೆಂಗಿ ಬಂತು. ಆಸ್ಪತ್ರೆಯಿಂದ ಮನೆಗೆ ಬಂದರೂ ಬಾಯಿ ರುಚಿ ಬರಲಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದರು. ವನಮಾಲಾ ಅದನ್ನು ಬಾಲ್ಕನಿಯಲ್ಲಿ ನಿಂತು ಹೇಳಿಕೊಂಡು ಕಣ್ಣೊರೆಸಿಕೊಂಡರು. ಮರುದಿನ ನೀಲಾಬಾಯಿಗೆ ಹಿಂಭಾಗದ ಗೋಡೆಯ ಬದಿ, ಯಾರೂ ಓಡಾಡದ ಜಾಗದಲ್ಲಿ ಎಳೆಯ ಕಾಟೇಮಾಠ ಕಂಡಿತು. ಎಲೆ ಬಾಡದಿರಲಿ ಎಂದು ಕೆಂಪು ಬೇರಿನ ಸಮೇತ ಕಿತ್ತರು. ಮುಳ್ಳು ಚುಚ್ಚದಿರಲಿ ಎಂದು ಹಳೆಯ ಕೆಂಪು ಸೀರೆಯ ಚಿಂದಿಯಿಂದ ಸುತ್ತಿ ಬಿಗಿದರು. ಮಲಗಿದವರಿಗೆ ತೊಂದರೆಯಾಗದಿರಲಿ ಎಂದು ಬೆಲ್ ಒತ್ತದೆ ಬಾಗಿಲ ಬಳಿ ಇಟ್ಟು ಬಂದರು. ಒಂದೊಂದೂ ಒಳ್ಳೆಯತನದ ಕೆಲಸವೇ. ಆದರೆ ಅಂದು ಯಾವ ದಿನ ಎಂಬುದನ್ನು ಅವರು ನೋಡಿರಲಿಲ್ಲ. ಅಂದು ಭೀಮನ ಅಮಾವಾಸ್ಯೆ. ಹಳೇ ಮೈಸೂರಿನ ಹೆಂಗಸರು ಗಂಡನ ಆಯುಸ್ಸಿಗಾಗಿ ಪೂಜೆ ಮಾಡುವ ದಿನ.

ವನಮಾಲಾ ಸ್ನಾನ ಮುಗಿಸಿ ತುಳಸಿಗೆ ನೀರು ಹಾಕಲು ಬಾಲ್ಕನಿಗೆ ಬಂದರು. ಕೆಳಗಿನಿಂದ ನೀಲಾಬಾಯಿ ಮುಖ ಅರಳಿಸಿ ಕೂಗಿದರು: "ಅಕ್ಕಾರ, ಬಾಗಲದಾಗ ಕಾಟೇಮಾಠ ಇಟ್ಟೀನ್ರಿ! ಸಾಹೇಬ್ರಿಗಿ ಅಂತ್ಲೇ ಇಟ್ಟೀನಿ!"

ಮಾಠದ ಠಕಾರಕ್ಕೆ ಇರಬೇಕಾದ ಉಸಿರು ಇಂಡಿಯ ನಾಲಿಗೆಯಲ್ಲಿ ಎಲ್ಲಿಂದ ಬರಬೇಕು? ಕೆಳಗಿನಿಂದ ಹೊರಟದ್ದು ಮುಳ್ಳಿನ ಸೊಪ್ಪು, ಮೇಲೆ ತಲುಪಿದ್ದು ಕಾಟ ಮತ್ತು ಮಾಟ. ಒಂದು ಮಹಾಪ್ರಾಣ ಬಿಟ್ಟುಹೋದದ್ದಕ್ಕೆ ಇಬ್ಬರು ಹೆಂಗಸರಿಗೆ ಪ್ರಾಣಸಂಕಟ ಶುರುವಾಯಿತು.

"ಬಾಗಿಲು ತೆಗೆದು ನೋಡ್ತೀನಿ, ಕೆಂಪು ಬಟ್ಟೆ, ಕೆಂಪು ಬೇರು, ಮೈಯೆಲ್ಲಾ ಮುಳ್ಳು. ಅದೂ ಅಮಾವಾಸ್ಯೆ! ಅವಳೇ ಬಾಯಿಬಿಟ್ಟು ಹೇಳ್ತಿದಾಳೆ, ನಿಮ್ಮ ಯಜಮಾನರಿಗೇ ಅಂತ. ನನ್ನ ಕೈಕಾಲೇ ಆಡಲಿಲ್ಲ," ಎಂದು ವನಮಾಲಾ ಈಗ ನಗುತ್ತಾ ಹೇಳುತ್ತಾರೆ. ಆಗ ನಗಲಿಲ್ಲ. ಪೊರಕೆಯ ಹಿಡಿಯಿಂದ ಆ ಕಟ್ಟನ್ನು ಮೆಟ್ಟಿಲು ದಾಟಿಸಿ ತಳ್ಳಿ, ಗಂಡನಿಗೆ ಉಪ್ಪು ನಿವಾಳಿಸಿ, ಸೊಸೈಟಿಯ ಸೆಕ್ರೆಟರಿ ಗುಪ್ತೆಯವರಿಗೆ ಫೋನ್ ಮಾಡಿದರು. ಅರೆಬರೆ ಹಿಂದಿಯಲ್ಲಿ ಹೇಳಿದ್ದು ಒಂದೇ ಮಾತು: ಗಾರ್ಡನ್‌ವಾಲಿ ಜಾದೂಟೋನಾ ಮಾಡಿದ್ದಾಳೆ. ಮಗಳು ಊರಲ್ಲಿದ್ದಿದ್ದರೆ ತಡೆಯುತ್ತಿದ್ದಳೇನೋ. ಅವಳು ಆ ವಾರ ಪುಣೆಯಲ್ಲಿದ್ದಳು.

ಮರುದಿನ ನೀಲಾಬಾಯಿಯನ್ನು ಸೊಸೈಟಿಯ ವಾಚ್‌ಮನ್ ಗೇಟಿನಲ್ಲೇ ತಡೆದ. ಏನು, ಯಾಕೆ ಎಂದರೆ ಅವನು ಕಣ್ಣು ತಪ್ಪಿಸಿದ. ಯಲ್ಲಾಲಿಂಗ ಫೋನಿನಲ್ಲಿ ಹೇಳಿದ: "ಅಲ್ಲಿ ಹೋಗಬ್ಯಾಡಬೇ ಅಕ್ಕಾ. ಮಾಟ ಮಾಡ್ಯಾಳ ಅಂತ ನಿನ್ ಮ್ಯಾಲ ಕಂಪ್ಲೇಂಟ್ ಬಂದದ." ತಾನು ಇಟ್ಟ ಸೊಪ್ಪಿಗೂ ಈ ಮಾತಿಗೂ ಸಂಬಂಧವಿದೆ ಎಂದು ನೀಲಾಬಾಯಿಗೆ ಹೊಳೆಯಲೇ ಇಲ್ಲ. ತಾನು ಹೇಳಿದ ಹೆಸರು ಅವರಿಗೆ ತರಕಾರಿಯ ಹೆಸರು ಮಾತ್ರ. ಅದರೊಳಗೆ ಇನ್ನೊಂದು ಮಾತು ಅಡಗಿದೆ ಎಂದು ಅಷ್ಟು ವರ್ಷದಲ್ಲಿ ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಇತ್ತ ಗೇಟಿನ ಬಾಯಲ್ಲಿ ಸುದ್ದಿ ದಿನದಿನಕ್ಕೆ ಬೆಳೆಯಿತು. ನಿಂಬೆಹಣ್ಣು ಇತ್ತಂತೆ, ಕೂದಲು ಇತ್ತಂತೆ, ಗೊಂಬೆಯೂ ಇತ್ತಂತೆ. ಸೊಪ್ಪು ಇತ್ತು ಎಂದು ಹೇಳಿದವರು ಒಬ್ಬರೂ ಇಲ್ಲ.

ಕೆಲಸ ಹೋದದ್ದಕ್ಕಿಂತ ಅವರನ್ನು ಸುಟ್ಟದ್ದು ಬೇರೊಂದು. ಸ್ಟೇಶನ್ನಿನ ಹೊರಗೆ ಸೇವಂತಿ ಸಿಕ್ಕಾಗ ನೀಲಾಬಾಯಿ ಎಂದಿನಂತೆ ಚೀಲಕ್ಕೆ ಕೈ ಹಾಕಿ, ಗುಡ್ಡದಲ್ಲಿ ಕಿತ್ತಿದ್ದ ಒಂದು ಹಿಡಿ ಗೋಳಿ ಮುಂದೆ ಹಿಡಿದರು. ಸೇವಂತಿ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು, "ಆಜ್ ನಕೋ" ಎಂದು ಹೊರಟುಹೋದಳು. "ಇವತ್ತು ಬ್ಯಾಡ ಅಂದ್ಳು. ಆದ್ರ ಆಕಿ ಮಾರಿ ನೋಡಿದ್ರ ಎಂದೂ ಬ್ಯಾಡ ಅಂದಂಗಿತ್ತು," ಎನ್ನುವಾಗ ನೀಲಾಬಾಯಿಯ ದನಿ ಈಗಲೂ ಸಣ್ಣಗಾಗುತ್ತದೆ. ಆ ಸೊಪ್ಪನ್ನು ಮನೆಗೆ ಒಯ್ದು ತಾವೇ ಬೇಯಿಸಿ ಉಣ್ಣಲು ಕೂತರು. ಅರ್ಧಕ್ಕೇ ತಟ್ಟೆ ಸರಿಸಿದರು. ಶಾಂತಪ್ಪ ಮಾತ್ರ ತಟ್ಟೆ ಬಳಿದು ತಿಂದು, "ಊರಾಗೂ ಹಿಂಗೇ ಮಾಡ್ತಿದ್ದಿ, ಮಾಟ ಆಗಿದ್ರ ಮೊದಲ ನನಗ ಆಗ್ತಿತ್ತು" ಎಂದ. ಗಂಡನ ಹಾಸ್ಯಕ್ಕೆ ಅಂದು ಮೊದಲ ಬಾರಿ ಅಳು ಬಂತಂತೆ.

ಸುಮ್ಮನೆ ಮುಲುಂಡ್ ಬಿಟ್ಟು ಬೇರೆ ಗೇಟು ಹುಡುಕಬಹುದಿತ್ತು. ನೀಲಾಬಾಯಿ ಹುಡುಕಲಿಲ್ಲ. "ನಾ ಏನ್ ಇಟ್ಟೀನಿ, ನನ್ ಮುಂದ ಹೇಳ್ಲಿ" ಎಂದು ಯಲ್ಲಾಲಿಂಗನ ಬೆನ್ನು ಬಿದ್ದರು. ಅವನಿಗೂ ಬೇರೆ ದಾರಿ ಇರಲಿಲ್ಲ. ಒಂದು ಮಧ್ಯಾಹ್ನ ಸೊಸೈಟಿ ಆಫೀಸಿನಲ್ಲಿ ಎಲ್ಲರೂ ಸೇರಿದರು. ಮೇಜಿನ ಹಿಂದೆ ಗುಪ್ತೆ, ಒಂದು ಕಡೆ ವನಮಾಲಾ, ಬಾಗಿಲ ಬಳಿ ನೀಲಾಬಾಯಿ ಮತ್ತು ಯಲ್ಲಾಲಿಂಗ. ಗುಪ್ತೆಯವರಿಗೆ ಕನ್ನಡದ ಗಂಧವಿಲ್ಲ. ಇಬ್ಬರು ಹೆಂಗಸರು ಕನ್ನಡದಲ್ಲಿ ಜಗಳಕ್ಕೆ ನಿಂತಾಗ ಅವರು ಕ್ರಿಕೆಟ್ ನೋಡುವವರಂತೆ ಅತ್ತ ಇತ್ತ ಕತ್ತು ಹೊರಳಿಸುತ್ತಿದ್ದರಂತೆ.

"ನಾ ಏನ್ ಮಾಡೀನ್ರಿ ಅಕ್ಕಾರ ನಿಮಗ?"

"ಏನ್ ಮಾಡ್ದೆ ಅಂತ ನನ್ನೇ ಕೇಳ್ತೀಯಾ? ನೀನೇ ಕೂಗಿ ಹೇಳ್ದಲ್ಲ, ಬಾಗಿಲಲ್ಲಿ ಕಾಟ ಮಾಟ ಇಟ್ಟಿದೀನಿ ಅಂತ!"

"ಹೌದ್ರಿ, ಕಾಟೇಮಾಠ ಇಟ್ಟೀನಿ. ಅದಕ್ಕೇನಾತ್ರಿ?"

ಯಲ್ಲಾಲಿಂಗ ಹಣೆಗೆ ಕೈ ಹಚ್ಚಿಕೊಂಡ. ತಪ್ಪೊಪ್ಪಿಗೆ ಇಷ್ಟು ಸುಲಭವಾಗಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಆಗ ಗುಪ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಕಾಯ್? ಕಾಟೇಮಾಠ? ಅರೇ, ತೀ ಭಾಜೀ ಆಹೇ!" ಅದು ಪಲ್ಯದ ಸೊಪ್ಪು, ತಮ್ಮ ತಾಯಿ ಮಳೆಗಾಲದಲ್ಲಿ ಮಾಡುತ್ತಿದ್ದರು, ತಿಂದು ಎಷ್ಟೋ ವರ್ಷವಾಯಿತು, ಎಲ್ಲಿ ಸಿಕ್ಕಿತು ಎಂದು ಅವರು ಆಸೆಯಿಂದ ವಿಚಾರಿಸತೊಡಗಿದರು. ಕನ್ನಡದ ಜಗಳ ಅರ್ಥವಾದದ್ದು ಕನ್ನಡ ಬಾರದ ಆ ಒಬ್ಬ ಮನುಷ್ಯನಿಗೆ.

ವನಮಾಲಾ ಮೆಲ್ಲಗೆ ಕೇಳಿದರು: "ಸೊಪ್ಪಾ?"

"ಸೊಪ್ಪೇ ರಿ. ಮುಳ್ಳಿನ ರಾಜಗಿರಿ. ಸಾಹೇಬ್ರ ಬಾಯಿಗಿ ರುಚಿ ಇಲ್ಲ ಅಂತಿದ್ರಲ್ಲ."

ವನಮಾಲಾ ಕುರ್ಚಿಯಲ್ಲಿ ಕುಸಿದು ಕೂತರು. ಮೊದಲು ಅಳು ಬಂತೋ ನಗು ಬಂತೋ ಅವರಿಗೂ ನೆನಪಿಲ್ಲ. ನೀಲಾಬಾಯಿಗೆ ಮಾತ್ರ ನಗುವೇ ಬಂತು. ಹೊಟ್ಟೆ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ ನಕ್ಕರು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಒಮ್ಮೆಗೇ ಉರುಳಿತ್ತು. ಯಲ್ಲಾಲಿಂಗನೂ ನಕ್ಕ. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಗುಪ್ತೆಯವರೂ ನಕ್ಕರು.

ವನಮಾಲಾ ಎದ್ದು ಬಂದು ಕೈ ಹಿಡಿದರು. "ತಪ್ಪಾಯ್ತು ಕಣಮ್ಮ" ಎಂದರು. ಕಥೆ ಇಲ್ಲಿಗೇ ಮುಗಿದಿದ್ದರೆ ನೀಲಾಬಾಯಿಯ ಬಗ್ಗೆ ಬರೆಯಲು ಅರ್ಧ ಪುಟ ಸಾಕಾಗುತ್ತಿತ್ತು. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ತಲೆಯಾಡಿಸಿದರು.

"ಇಲ್ಲಿ ಬಾಗಲಾ ಹಾಕ್ಕೊಂಡು ಹೇಳಿದ್ರ ಹೆಂಗ್ರಿ ಅಕ್ಕಾರ? ನನ್ ಹೆಸರು ಗೇಟಿನಾಗ ಕೆಟ್ಟದ. ಗೇಟಿನಾಗೇ ನಿಂತು ಹೇಳ್ರಿ."

ಮೈಸೂರಿನಲ್ಲಿ ಬೀದಿಯಲ್ಲಿ ನಿಂತು ಜೋರಾಗಿ ಮಾತಾಡಿ ಗೊತ್ತಿಲ್ಲದ ಹೆಣ್ಣುಮಗಳು ವನಮಾಲಾ. ಆದರೂ ಅಂದು ಸಂಜೆ, ಮನೆಗೆಲಸದವರು ಹೊರಡುವ ಹೊತ್ತು ನೋಡಿ, ನೀಲಾಬಾಯಿಯ ಪಕ್ಕದಲ್ಲಿ ಗೇಟಿಗೆ ಬಂದು ನಿಂತರು. ವಾಚ್‌ಮನ್, ಡ್ರೈವರುಗಳು, ಸೇವಂತಿ, ಇಸ್ತ್ರಿಯವನು ಎಲ್ಲರೂ ಇದ್ದರು. ವನಮಾಲಾ ತಮ್ಮ ಮುರುಕು ಹಿಂದಿಯನ್ನೆಲ್ಲ ಒಟ್ಟು ಮಾಡಿ ಹೇಳಿದರು: "ಜಾದೂ ನಹೀ. ಭಾಜೀ ಹೈ. ಮೇರಾ ಗಲತೀ. ಯೇ ಅಚ್ಛೀ ಔರತ್." ವ್ಯಾಕರಣ ಕೆಟ್ಟಿತ್ತು, ಅರ್ಥ ಕೆಟ್ಟಿರಲಿಲ್ಲ. ಮುಖ ಕೆಂಪಾಗಿ, ಕೊನೆಯ ಮಾತನ್ನು ಎರಡು ಸಲ ಹೇಳಿದರು. ಅಷ್ಟು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸಣ್ಣ ಕೆಲಸವಲ್ಲ. ನೀಲಾಬಾಯಿ ಆ ಮಾತನ್ನು ಈಗಲೂ ಮೆಚ್ಚಿಕೊಂಡು ಹೇಳುತ್ತಾರೆ: "ಅಕ್ಕಾರು ದೊಡ್ಡ ಮನಸಿನೋರು. ನಾ ಆಗಿದ್ರ ಹೇಳ್ತಿದ್ನೋ ಇಲ್ಲೋ."

ಮರುದಿನ ಬೆಳಗ್ಗೆ ಕಾಟೇಮಾಠ ಮತ್ತೆ ಮೊದಲ ಮಹಡಿಗೆ ಹೋಯಿತು, ಈ ಸಲ ಬೆಲ್ ಒತ್ತಿ. ನೀಲಾಬಾಯಿ ಅಡುಗೆಮನೆಯ ನೆಲದ ಮೇಲೆ ಕೂತು ಮುಳ್ಳು ತಪ್ಪಿಸಿ ಎಳೆ ಎಲೆ ಬಿಡಿಸಿಕೊಟ್ಟರು. ಹೆಸರುಬೇಳೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಕಾಯಿತುರಿ ಬೇಕೇ ಬೇಡವೇ ಎಂಬುದರ ಮೇಲೆ ಮೈಸೂರಿಗೂ ಇಂಡಿಗೂ ಸಣ್ಣದೊಂದು ವಾದ ನಡೆದು, ಮೈಸೂರು ಗೆದ್ದಿತು. ಶಾಮಣ್ಣನವರು ಒಂದು ತುತ್ತು ಬಾಯಿಗಿಟ್ಟು, ಮೆಲ್ಲಗೆ ಅಗಿದು, ಬಡಿಸಿದ್ದನ್ನು ಮುಗಿಸಿ, ಇನ್ನಷ್ಟು ಬೇಕೆಂದು ತಟ್ಟೆ ಮುಂದೆ ಚಾಚಿದರು. ವನಮಾಲಾ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಇಡೀ ಜೀವಮಾನ ಹುಡುಗರಿಗೆ ಮಹಾಪ್ರಾಣ ಒತ್ತಿ ಹೇಳಿ, ಒತ್ತಿ ಹೇಳಿ ಅಂತ ಬಡ್ಕೊಂಡೆ," ಎಂದು ಮೇಷ್ಟ್ರು ಈಗ ಬಂದವರಿಗೆಲ್ಲ ಹೇಳುತ್ತಾರೆ. "ಯಾಕ್ ಸಾರ್ ಅಷ್ಟು ಮುಖ್ಯ ಅಂತ ಕೇಳೋರು. ಉತ್ತರ ಈಗ ಸಿಕ್ಕಿತು."

ಸೇವಂತಿ ಮಾತ್ರ ತಕ್ಷಣಕ್ಕೆ ಬರಲಿಲ್ಲ. ನಾಚಿಕೆಯೋ, ಅಂಜಿಕೆ ಪೂರ್ತಿ ಹೋಗಿರಲಿಲ್ಲವೋ, ದೂರದಿಂದಲೇ ಕೈ ಬೀಸಿ ಲಿಫ್ಟ್ ಹತ್ತುತ್ತಿದ್ದಳು. ಶ್ರಾವಣದ ಒಂದು ದಿನ ತೋಟದ ಬದಿ ನಿಂತು, ತಾನಾಗಿಯೇ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದು, "ಘೋಳ ಆಹೇ ಕಾ?" ಎಂದು ಗೋಳಿ ಕೇಳಿದಳು. ನೀಲಾಬಾಯಿ ಡಬ್ಬಿ ತುಂಬಿ, ಮೇಲೆ ಒತ್ತಿ, ಇನ್ನೂ ಒಂದು ಹಿಡಿ ಹಾಕಿದರಂತೆ.

ಈಗ ಬೆಳಕು ಪೂರ್ತಿ ಹರಿದಿದೆ. ಗೋಣಿಚೀಲ ತುಂಬಿದೆ, ಬಟ್ಟೆಯ ಚೀಲವೂ ಉಬ್ಬಿದೆ. ಚಹಾ ಕುಡಿದು ಬಂದ ನೀಲಾಬಾಯಿ ನಲ್ಲಿಯ ಕೆಳಗೆ ಕುರ್ಪಿ ತೊಳೆಯುತ್ತಾರೆ. ತಮ್ಮ ಬಗ್ಗೆ ಪೇಪರಿನಲ್ಲಿ ಬರುತ್ತದೆ ಎಂದರೆ ಮೊದಲು ನಗು, ಆಮೇಲೆ ಗಾಬರಿ. ಕಸ ಕೀಳುವವಳ ಬಗ್ಗೆ ಬರೆಯುವುದು ಏನಿದೆ ಎಂದು ಕೇಳುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಇಲ್ಲ ಎಂದು ಕೈಯಾಡಿಸುತ್ತಾರೆ. ಚೀಲ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋಗಿ, ಏನೋ ನೆನೆಸಿಕೊಂಡು ತಿರುಗಿ ಬರುತ್ತಾರೆ.

"ಬರೀತೀರಿ ಅಂದ್ರ ಒಂದ್ ಮಾತ್ ಬರೀರಿ. ನೀಲಾಬಾಯಿ ಕೈಯಿಂದ ತಿಂದು ಯಾರಿಗೂ ಕೆಟ್ಟ ಆಗಿಲ್ಲ ಅಂತ ಬರೀರಿ."